ಮಂಜು, ಡ್ರೋನ್, ಬಾಲ ಕತ್ತರಿಸಿದ ಮಾತು: ಸಾಕ್ಷ್ಯಚಿತ್ರದ ಒಲವು ಹಿಡಿಯುವ ಬಗೆ

ಕೊಡಗಿನ ಬಗ್ಗೆ ಬರುವ ಸಾಕ್ಷ್ಯಚಿತ್ರಗಳಿಗೆ ಮಂಜೆಂದರೆ ಪ್ರಾಣ. ಡ್ರೋನ್ ಮೆಲ್ಲಗೆ ಮೇಲೇರುತ್ತದೆ, ಬೆಟ್ಟದ ಹಿಂದೆ ಬೆಟ್ಟ, ಕೆಳಗೆ ಹಸಿರು, ಹಿನ್ನೆಲೆಯಲ್ಲಿ ಕೊಳಲು, ಆಮೇಲೆ ಒಂದು ಗಡಸು ಗಂಡು ದನಿ. ನೀವು ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಚಿತ್ರದ ಅರ್ಧ ವಾದ ಮುಗಿದಿರುತ್ತದೆ. ಮೇಲಿನಿಂದ ಕಂಡ ಕೊಡಗಿನಲ್ಲಿ ಮನುಷ್ಯರೇ ಇಲ್ಲ. ಮೀಸಲು ಕಾಡು, ರೋಬಸ್ಟಾ ಕಾಫಿ ತೋಟ, ಸಿಲ್ವರ್ ಮರದ ಸಾಲು ಎಲ್ಲವೂ ಒಂದೇ ಹಸಿರು. ಆಮೇಲೆ ತೆರೆಗೆ ಬರುವವರೆಲ್ಲ ಆ ಹಸಿರಿನೊಳಕ್ಕೆ ಹೊರಗಿನಿಂದ ನುಗ್ಗಿದವರಂತೆ ಕಾಣುತ್ತಾರೆ. ಅದೇ ಚಿತ್ರ ತೋಟದ ಕಾರ್ಮಿಕರ ಲೈನ್ ಮನೆಯ ಒಲೆಯ ಹೊಗೆಯಿಂದಲೋ ತಾಲೂಕು ಕಚೇರಿಯ ಮುಂದಿನ ಕ್ಯೂನಿಂದಲೋ ಶುರುವಾಗಿದ್ದರೆ ನಮ್ಮ ಮನಸ್ಸು ಇನ್ನೊಂದು ಕಡೆಗೆ ವಾಲಿರುತ್ತಿತ್ತು. ಎರಡರಲ್ಲೂ ಯಾರೂ ಒಂದು ಸುಳ್ಳೂ ಹೇಳಿರುವುದಿಲ್ಲ.

ಒಲವು ಇರುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ತನ್ನ ನಿಲುವನ್ನು ಮೊದಲೇ ಹೇಳಿಕೊಂಡು ಮಾಡಿದ ಚಿತ್ರ ಪ್ರಾಮಾಣಿಕವಾಗಿಯೇ ಇರಬಹುದು. "ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದೇವೆ" ಎನ್ನುತ್ತಲೇ ವಾಲಿಸುವ ಚಿತ್ರದ ಮೇಲೆ ಕಣ್ಣಿಡಬೇಕು. "ಯಾಕೋ ಒಂದು ಕಡೆ ಅನ್ನಿಸಿತು" ಅಂದರೆ ಅದು ಜಗಳಕ್ಕೆ ದಾರಿ. ಅಳೆದು ತೋರಿಸಿದರೆ ಎದುರಿನವರೂ ಕೂತು ನೋಡುತ್ತಾರೆ. ಹಾಗಾಗಿ ಇಲ್ಲಿ ಹೇಳಿರುವುದೆಲ್ಲ ಗಡಿಯಾರ, ಕಾಗದ, ಕಿವಿ, ಕಣ್ಣಿನಿಂದ ಅಳೆಯಬಹುದಾದದ್ದು.

ಮೂರು ಸಲ ನೋಡಬೇಕು

30 ನಿಮಿಷದ ಚಿತ್ರಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ಒಂದು ಲಾಂಗ್ ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಫೈಲ್ ಕೈಯಲ್ಲಿದ್ದರೆ ವಿಎಲ್‌ಸಿ ಪ್ಲೇಯರಿನಲ್ಲಿ ನೋಡಿ. ಕೀಬೋರ್ಡಿನ 'ಇ' ಅಕ್ಷರ ಒತ್ತಿದಂತೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಯೂಟ್ಯೂಬ್ ಆದರೆ ನಿಲ್ಲಿಸಿಕೊಂಡು ಚುಕ್ಕಿ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮ ಒತ್ತಿದರೆ ಒಂದು ಫ್ರೇಮ್ ಹಿಂದೆ. ಎರಡರಲ್ಲೂ 'ಎಂ' ಒತ್ತಿದರೆ ಸದ್ದು ಬಂದ್.

ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ನೋಡಿ. ಮುಗಿದ ಕೂಡಲೇ ಎರಡೇ ಸಾಲು ಬರೆಯಿರಿ: ಯಾರ ಮೇಲೆ ಸಿಟ್ಟು ಬಂತು, ಯಾರ ಬಗ್ಗೆ ಅಯ್ಯೋ ಅನ್ನಿಸಿತು. ಇದನ್ನು ಬಿಟ್ಟರೆ ಆಮೇಲಿನ ಲೆಕ್ಕಕ್ಕೆ ಹೋಲಿಸಲು ಏನೂ ಉಳಿಯುವುದಿಲ್ಲ. ಎರಡನೇ ಸಲ ಸದ್ದು ಬಂದ್ ಮಾಡಿ ಚಿತ್ರ ಮಾತ್ರ. ಮೂರನೇ ಸಲ ಪರದೆಗೆ ಬೆನ್ನು ಹಾಕಿ ಸದ್ದು ಮಾತ್ರ. ಈ ಮೂರನೆಯದನ್ನೇ ಬಹಳ ಜನ ಹಾರಿಸಿಬಿಡುತ್ತಾರೆ. ಅಸಲಿಗೆ ಅತಿ ಹೆಚ್ಚು ಸರಕು ಸಿಗುವುದು ಅಲ್ಲೇ.

ನೋಟ್‌ಬುಕ್ಕಿನಲ್ಲಿ ಏಳು ಕಂಬ ಎಳೆಯಿರಿ: ಸಮಯ, ಯಾರು, ಎಷ್ಟು ಸೆಕೆಂಡು, ಶಾಟ್ ಎಷ್ಟು ಹತ್ತಿರ, ಕ್ಯಾಮೆರಾ ಎತ್ತರ, ತೆರೆಯ ಕೆಳಗಿನ ಹೆಸರಿನ ಪಟ್ಟಿಯಲ್ಲಿ ಏನು ಬರೆದಿದೆ, ಯಾವ ಭಾಷೆ. ಮೊದಲು ಭರ್ತಿ ಮಾಡಬೇಕಾದದ್ದು ಸೆಕೆಂಡಿನ ಕಂಬ. ಲೆಕ್ಕ ಹಾಕುವ ಕ್ರಮಕ್ಕೆ ಒಂದು ಕಲ್ಪಿತ ಉದಾಹರಣೆ: ಐದು ಜನ ಬೆಳೆಗಾರರು ಒಟ್ಟು 390 ಸೆಕೆಂಡು ಮಾತಾಡಿದ್ದಾರೆ, ಏಳು ಜನ ಕಾರ್ಮಿಕರು ಒಟ್ಟು 95 ಸೆಕೆಂಡು. ತಲೆ ಎಣಿಸಿದರೆ ಕಾರ್ಮಿಕರೇ ಜಾಸ್ತಿ. ಪೋಸ್ಟರಿನಲ್ಲಿ "ಎಲ್ಲರ ದನಿ" ಎಂದು ಹಾಕಿಕೊಳ್ಳಬಹುದು. ಒಬ್ಬರಿಗೆ ಸಿಕ್ಕಿದ್ದು ಎಷ್ಟು ಅಂತ ನೋಡಿದರೆ ಅಲ್ಲಿ 78 ಸೆಕೆಂಡು, ಇಲ್ಲಿ 14ಕ್ಕಿಂತ ಕಮ್ಮಿ. 78 ಸೆಕೆಂಡಿನಲ್ಲಿ ಒಬ್ಬ ಮನುಷ್ಯ ಕಾರಣ ಕೊಡಬಹುದು, ಉದಾಹರಣೆ ಹೇಳಬಹುದು, ತನ್ನ ಮಾತನ್ನು ತಾನೇ ತಿದ್ದಿಕೊಳ್ಳಬಹುದು. 14 ಸೆಕೆಂಡಿನಲ್ಲಿ ಕಷ್ಟ ಹೇಳಿಕೊಳ್ಳಬಹುದು, ಅಷ್ಟೆ. ಒಂದು ಗುಂಪಿಗೆ ವಾದ, ಇನ್ನೊಂದು ಗುಂಪಿಗೆ ಗೋಳು ಎಂದು ಹಂಚಿಕೆ ನಡೆದಿರುವುದು ಹೀಗೆ ಗೊತ್ತಾಗುತ್ತದೆ.

ಒಂದು 42 ಸೆಕೆಂಡು, ಹತ್ತಿರದಿಂದ

ಕೂಲಿ ದರದ ಬಗ್ಗೆ ಒಂದು ಚಿತ್ರ ಎಂದುಕೊಳ್ಳಿ. ಅದರ ಒಂದು ತುಣುಕು ಹೀಗಿದೆ.

ಸೊನ್ನೆಯಿಂದ 9ನೇ ಸೆಕೆಂಡು: ತೋಟದ ಮಾಲೀಕರು ವೆರಾಂಡದಲ್ಲಿ ಬೆತ್ತದ ಕುರ್ಚಿ ಮೇಲೆ. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ. ಹಿಂದೆ ಗೋಡೆಯ ಮೇಲೆ ಹಾಕಿ ತಂಡದ ಹಳೇ ಫೋಟೋ, ಅದರ ಪಕ್ಕ ಕೋವಿ, ಎರಡೂ ಮಸುಕು. ಪಕ್ಕದ ಕಿಟಕಿಯಿಂದ ಮೆದು ಬೆಳಕು. ಹೆಸರಿನ ಪಟ್ಟಿಯಲ್ಲಿ ಪೂರ್ತಿ ಹೆಸರು, ಮನೆತನ, "ಕಾಫಿ ಬೆಳೆಗಾರರು". ಟೀಪಾಯಿ ಮೇಲೆ ಕಾಫಿ ಲೋಟ ತುಂಬಿದೆ.

9ರಿಂದ 14: ಕಣದಲ್ಲಿ ಹರಡಿದ ಕಾಫಿ, ಅದನ್ನು ಎಳೆಯುವ ಕೈಗಳು. ಮಾಲೀಕರ ಮಾತು ಹಿಂದೆ ನಡೆದೇ ಇದೆ.

14ರಿಂದ 22: ಮತ್ತೆ ಮಾಲೀಕರು. "ಕೆಲಸದವರಿಗೆ ನಾವು ಯಾವತ್ತೂ ಏನೂ ಕಮ್ಮಿ ಮಾಡಿಲ್ಲ." ಲೋಟ ಈಗ ಅರ್ಧ ಖಾಲಿ.

22ರಿಂದ 31: ಲೈನ್ ಮನೆಯ ಮೆಟ್ಟಿಲ ಮೇಲೆ ಕೂತ ಹೆಂಗಸು. ಕ್ಯಾಮೆರಾ ನಿಂತವರ ಎದೆಯ ಎತ್ತರದಲ್ಲಿ, ಕೆಳಗೆ ನೋಡುತ್ತಿದೆ. ಅಗಲ ಲೆನ್ಸ್, ಹಿಂದೆ ಕತ್ತಲ ಬಾಗಿಲು, ಪಕ್ಕದಲ್ಲಿ ಮಕ್ಕಳು, ಬಕೆಟ್, ನಾಯಿ. ಹೆಸರಿಲ್ಲ, "ಕೂಲಿ ಕಾರ್ಮಿಕೆ". ಆಕೆಯ ದನಿಯ ಮೇಲೆ ಇನ್ನೊಬ್ಬರ ಕನ್ನಡ ದನಿ.

31ರಿಂದ 42: ಡ್ರೋನ್, ಕೊಳಲು.

ಈಗ ಬಿಡಿಸಿ ನೋಡಿ. ಲೋಟ ತುಂಬಿದ್ದದ್ದು ಅರ್ಧವಾಗಿದೆ ಎಂದರೆ ನಡುವೆ ನಿಮಿಷಗಟ್ಟಲೆ ಮಾತು ಹೋಗಿದೆ. ಕಣದ ಶಾಟ್ ಹಾಕಿದ್ದು ಆ ಕತ್ತರಿ ಗುರುತು ಮುಚ್ಚಲು. ಕತ್ತರಿಸುವುದು ಅಪರಾಧವಲ್ಲ, ಕತ್ತರಿಸದೆ ಚಿತ್ರವೇ ಆಗದು. ಆದರೆ "ಕಮ್ಮಿ ಮಾಡಿಲ್ಲ" ಎಂಬ ಉತ್ತರ ಯಾವ ಪ್ರಶ್ನೆಗೆ ಬಂದದ್ದು ಎನ್ನುವುದು ಈಗ ನಮಗೆ ಗೊತ್ತಿಲ್ಲ. ಕೂಲಿಯ ಬಗ್ಗೆಯೋ, ಹಬ್ಬದ ಊಟದ ಬಗ್ಗೆಯೋ? ಹೆಂಗಸಿನ ವಿಷಯದಲ್ಲಿ ಕ್ಯಾಮೆರಾ ಎತ್ತರ ಕಂಡೂ ಕಾಣದಂತೆ ಕೆಲಸ ಮಾಡಿದೆ. ಕ್ಯಾಮೆರಾಮನ್ ಒಮ್ಮೆ ಮಂಡಿ ಬಗ್ಗಿಸಿದ್ದರೆ ಆಕೆಯೂ ಸಮಸಮ ಕೂತು ಮಾತಾಡುತ್ತಿದ್ದಳು. ಅಗಲ ಲೆನ್ಸಿನಲ್ಲಿ ಆಕೆ ಬಡತನದ ಸಾಮಾನುಗಳ ನಡುವೆ ಇನ್ನೊಂದು ಸಾಮಾನಾದಳು.

ಇದನ್ನೇ ತಿರುವಿ ಹಾಕಬಹುದು. ಮಾಲೀಕರ ಮೊಣಕಾಲ ಮಟ್ಟದಿಂದ ಮೇಲಕ್ಕೆ ಕ್ಯಾಮೆರಾ ಇಡಿ, ಕೋವಿಯನ್ನು ಚೂಪಾಗಿ ಫೋಕಸ್ ಮಾಡಿ, ಉತ್ತರ ಮುಗಿದ ಮೇಲೂ ಮೂರು ನಾಲ್ಕು ಸೆಕೆಂಡು ಅವರ ಮುಖ ಬಿಡದೆ ಹಿಡಿಯಿರಿ. ಎಂಥ ಸತ್ಯವಂತನೂ ಆ ಮೌನದಲ್ಲಿ ಕಣ್ಣು ಪಿಳುಕಿಸುತ್ತಾನೆ, ಕಾಲರ್ ಸರಿಮಾಡಿಕೊಳ್ಳುತ್ತಾನೆ. ನೋಡುವವರಿಗೆ ಸುಳ್ಳು ಸಿಕ್ಕಿಬಿದ್ದಂತೆ ಕಾಣುತ್ತದೆ. ಕೊಡಗಿನ ಮನೆಗಳ ಗೋಡೆಯ ಮೇಲೆ ಕೋವಿ ಇರುವುದು ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಪೂಜೆಗೊಳ್ಳುವ ವಸ್ತುವಾಗಿ. ಹೊರಗಿನ ಪ್ರೇಕ್ಷಕರಿಗೆ ಅದು ಗೊತ್ತಿರುವುದಿಲ್ಲ, ಸಂಕಲನಕಾರರಿಗೆ ಈ ಸಂಗತಿ ಚೆನ್ನಾಗಿ ಗೊತ್ತು.

ಕನ್ನಡದ ಕ್ರಿಯಾಪದ ಕೊನೆಗಿದೆ, ಕತ್ತರಿಯೂ ಅಲ್ಲೇ ಬೀಳುತ್ತದೆ

ನಮ್ಮ ಭಾಷೆಯಲ್ಲಿ ವಾಕ್ಯದ ತೀರ್ಮಾನ ಬಾಲದಲ್ಲಿರುತ್ತದೆ. "ಹಾಡಿಯವರಿಗೆ ಕಾಡು ಬೇಡವೇ ಬೇಡ ಅಂತ ಕೆಲವರು ಹೇಳ್ತಾ ತಿರುಗ್ತಾರೆ, ಅದು ಸರಿಯಲ್ಲ" ಎಂದು ಒಬ್ಬರು ಹೇಳಿದ್ದಾರೆ ಎನ್ನಿ (ಹಾಡಿ ಎಂದರೆ ಆದಿವಾಸಿಗಳ ವಸತಿ). "ಬೇಡವೇ ಬೇಡ" ಆದ ಕೂಡಲೇ ಕತ್ತರಿ ಹಾಕಿದರೆ ಅವರ ಬಾಯಿಂದಲೇ ಅವರ ವಿರುದ್ಧದ ಮಾತು ಹೊರಬಿತ್ತು. ಇದನ್ನು ಹಿಡಿಯುವುದು ಕಿವಿಯಿಂದ. ಮಾತು ನಿಜವಾಗಿ ಮುಗಿದಾಗ ದನಿ ಇಳಿಯುತ್ತದೆ, ಉಸಿರು ಬರುತ್ತದೆ. ಕತ್ತರಿಸಿದ ಮಾತಿನಲ್ಲಿ ದನಿ ಮೇಲೇ ನೇತಾಡುತ್ತಿರುತ್ತದೆ, ಮುಂದಿನ ಸದ್ದು ಧುತ್ತೆಂದು ಬೀಳುತ್ತದೆ. ಆ ಜಾಗದಲ್ಲಿ ಜೀರುಂಡೆಯ ಸದ್ದು ಒಮ್ಮೆಗೇ ಬದಲಾದರೆ ಅಲ್ಲೊಂದು ಹೊಲಿಗೆ ಇದೆ ಅಂತ ಗುರುತು ಹಾಕಿಕೊಳ್ಳಿ. ಚೆನ್ನಾಗಿ ಸಂಕಲನ ಕಲಿತವರು ಇದನ್ನೂ ಹಿನ್ನೆಲೆ ಸದ್ದು ಹರಡಿ ಮುಚ್ಚುತ್ತಾರೆ. ಆಗ ದನಿಯ ಏರಿಳಿತವೊಂದೇ ಸುಳಿವು.

ಬಾಲದ ಇನ್ನೊಂದು ತುಂಡು 'ಅಂತೆ'. "ರಾತ್ರಿ ಡ್ಯಾಂ ಗೇಟ್ ತೆಗೆದರಂತೆ" ಅಂದರೆ ಹೇಳಿದವರು ಕಂಡಿಲ್ಲ, ಕೇಳಿದ್ದಾರೆ. ಸಬ್‌ಟೈಟಲಿನಲ್ಲೋ ನಿರೂಪಣೆಯಲ್ಲೋ ಅದು "ರಾತ್ರಿ ಡ್ಯಾಂ ಗೇಟ್ ತೆಗೆದರು" ಎಂದಾದರೆ ಬಾಯಿಮಾತು ಕಣ್ಣು ಕಂಡ ಸಾಕ್ಷಿಯಾಗಿಬಿಟ್ಟಿತು. ಮೂಲ ಮಾತನ್ನೂ ಅಡಿಬರಹವನ್ನೂ ಪಕ್ಕಪಕ್ಕ ಬರೆದು ಇಂಥ 'ಅಂತೆ', 'ಇರಬಹುದು', 'ಅಂತ ಕಾಣ್ತದೆ' ಎಷ್ಟು ಉದುರಿವೆ ಎಂದು ಎಣಿಸಿ. ಎಲ್ಲರ ಮಾತಿನಲ್ಲೂ ಉದುರಿದ್ದರೆ ಅವಸರ. ಒಂದೇ ಪಕ್ಷದವರ ಮಾತಿನಲ್ಲಿ ಉದುರಿ, ಇನ್ನೊಂದು ಪಕ್ಷದವರದ್ದು ಹಾಗೇ ಉಳಿದಿದ್ದರೆ ಅದು ಒಲವು.

ಕೊಡಗಿನಲ್ಲಿ ಈ ತೊಂದರೆ ಇನ್ನೂ ದೊಡ್ಡದು, ಏಕೆಂದರೆ ಒಂದೇ ಚಿತ್ರದಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ, ಜೇನುಕುರುಬ, ಮಲಯಾಳಂ, ತುಳು ಎಲ್ಲ ಬರಬಹುದು. ಯಾರಿಗೆ ತಮ್ಮ ಭಾಷೆಯಲ್ಲೇ ಮಾತಾಡಲು ಬಿಟ್ಟು ಕೆಳಗೆ ಅಡಿಬರಹ ಹಾಕಿದ್ದಾರೆ, ಯಾರ ದನಿಯ ಮೇಲೆ ಬೇರೆ ದನಿ ಹೇರಿದ್ದಾರೆ ಎಂದು ಬರೆದಿಟ್ಟುಕೊಳ್ಳಿ. ಒಬ್ಬಾಕೆ 12 ಸೆಕೆಂಡು ಬಿಡದೆ ಮಾತಾಡಿ, ಕೆಳಗೆ ನಾಲ್ಕೇ ಪದ ಬಂದಿದ್ದರೆ ಆ ಭಾಷೆ ಬಲ್ಲ ಇಬ್ಬರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿಸಿ. ಒಬ್ಬರೇ ಸಾಲದು, ಅವರಿಗೂ ಒಂದು ಪಕ್ಷ ಇರುತ್ತದೆ.

ನಿರೂಪಣೆಯ ಗೌರವಸೂಚಕವನ್ನೂ ಬಿಡಬೇಡಿ. ಅಧಿಕಾರಿ 'ತಿಳಿಸಿದರು', ರೈತ ಸಂಘದವರು 'ಆರೋಪಿಸಿದರು', ಹಾಡಿಯ ಮುದುಕ 'ಹೇಳಿಕೊಂಡ'. ಮೂರರಲ್ಲಿ ಮೂರು ತೂಕ. ಹಾಗೆಯೇ 'ಒತ್ತುವರಿ' ಮತ್ತು 'ಸಾಗುವಳಿ', 'ಆನೆ ಹಾವಳಿ' ಮತ್ತು 'ಆನೆ ದಾರಿ'. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಆದಿವಾಸಿ ಗುಡಿಸಲುಗಳಿಗೆ ಆದದ್ದನ್ನು ಒಂದು ಚಿತ್ರ 'ಗುಡಿಸಲು ತೆರವು' ಎಂದರೆ ಇನ್ನೊಂದು 'ಒಕ್ಕಲೆಬ್ಬಿಸಿದರು' ಎನ್ನಬಹುದು. ತೆರವಿನಲ್ಲಿ ಗುಡಿಸಲು ಹೋಯಿತು, ಒಕ್ಕಲೆಬ್ಬಿಸುವುದರಲ್ಲಿ ಜನ ಹೋದರು. "ಮರಗಳನ್ನು ಕಡಿಯಲಾಯಿತು" ಎನ್ನುವ ಲಾಯಿತು-ಪ್ರಯೋಗ ಕಂಡಲ್ಲೆಲ್ಲ ಅಂಚಿನಲ್ಲಿ "ಯಾರು?" ಎಂದು ಬರೆಯಿರಿ. ಚಿತ್ರದುದ್ದಕ್ಕೂ ಒಂದೇ ಇಲಾಖೆಯೋ ಒಂದೇ ವರ್ಗವೋ ಆ 'ಲಾಯಿತು' ಹಿಂದೆ ಅಡಗಿದ್ದರೆ ಹಾಳೆ ನೋಡಿದಾಗ ತಾನಾಗಿಯೇ ಕಾಣುತ್ತದೆ.

ಅಳುವಿನ ನಂತರ ಯಾರು?

2018ರ ಆಗಸ್ಟಿನ ಭೂಕುಸಿತದ ಬಗ್ಗೆ ಚಿತ್ರ ಮಾಡುವವರ ಕೈಯಲ್ಲಿ ಹೆಚ್ಚುಕಮ್ಮಿ ಒಂದೇ ಸರಕು ಇರುತ್ತದೆ: ಮಕ್ಕಂದೂರು, ಜೋಡುಪಾಲ ಕಡೆಯ ಕೆಂಪು ಗಾಯದಂಥ ಬೆಟ್ಟ, ಪರಿಹಾರ ಕೇಂದ್ರದಲ್ಲಿ ಕೂತ ಕುಟುಂಬ, ಗುಡ್ಡದ ಬರೆ ಕಡಿದು ಕಟ್ಟಿದ ಹೋಂಸ್ಟೇ, ಅಗಲ ಮಾಡಿದ ರಸ್ತೆ, ಹಾರಂಗಿ ಅಣೆಕಟ್ಟಿನ ಗೇಟು, ಮಳೆಯ ಅಂಕಿ. ಈ ಆರನ್ನು ಯಾವ ಕ್ರಮದಲ್ಲಿ ಜೋಡಿಸುತ್ತೀರಿ ಎನ್ನುವುದರಲ್ಲೇ ತೀರ್ಪು ಇದೆ. ಅಳುವ ಮುಖದ ಮೇಲೆ ಕಟ್ ಮಾಡಿ ಹೋಂಸ್ಟೇ ತೋರಿಸಿದರೆ ತಪ್ಪು ಪ್ರವಾಸೋದ್ಯಮದ್ದು. ಗೇಟು ತೋರಿಸಿದರೆ ಸರ್ಕಾರದ್ದು. ಕಪ್ಪು ಮೋಡ ತೋರಿಸಿದರೆ ಯಾರದ್ದೂ ಅಲ್ಲ, ದೇವರ ಆಟ. ಈ ಕೊನೆಯದು ನಿಷ್ಪಕ್ಷಪಾತದಂತೆ ಕಾಣುತ್ತದೆ. ನಮ್ಮ ಪ್ರಕಾರ ಮೂರರಲ್ಲಿ ಅತಿ ರಾಜಕೀಯದ್ದು ಅದೇ.

ಒಂದೇ ಮುಖ, ಪಕ್ಕದ ಶಾಟ್ ಬದಲಾದಂತೆ ಅರ್ಥ ಬದಲು ಎನ್ನುವುದನ್ನು ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ತೋರಿಸಿದ್ದಾನೆ: ಒಬ್ಬ ನಟನ ಭಾವವಿಲ್ಲದ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟು. ಸಾಕ್ಷ್ಯಚಿತ್ರದಲ್ಲಿ ಇದನ್ನು ಅಳೆಯಲು ಒಂದು ಪ್ರತ್ಯೇಕ ಪಟ್ಟಿ ಮಾಡಿ. ಯಾರಾದರೂ ಅತ್ತಲ್ಲಿ, ಕೂಗಾಡಿದಲ್ಲಿ, ಸಾವಿನ ಮಾತು ಬಂದಲ್ಲಿ ಸಮಯ ಬರೆದು, ಅದಾದ ಮೊದಲ ಹತ್ತು ಸೆಕೆಂಡಿನಲ್ಲಿ ತೆರೆ ಮೇಲೆ ಯಾರು ಅಥವಾ ಏನು ಬಂತು ಎಂದು ಬರೆಯಿರಿ. ಅರ್ಧ ಗಂಟೆಯ ಚಿತ್ರದಲ್ಲಿ ಆರೇಳು ಇಂಥ ಜಾಗ ಸಿಕ್ಕೀತು. ಆರರಲ್ಲಿ ನಾಲ್ಕು ಕಡೆ ಒಂದೇ ಪಕ್ಷದ ಬಾವುಟವೋ ಒಂದೇ ಸಮುದಾಯದ ಬೀದಿಯೋ ಬಂದರೆ ನಿರೂಪಕ ಬಾಯಿ ಬಿಡದೇ ಆರೋಪ ಹೊರಿಸಿದ್ದಾನೆ.

ಗುಂಪು ದೊಡ್ಡದೋ, ಲೆನ್ಸ್ ಉದ್ದವೋ

ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದಲ್ಲಿ 80 ಜನ ಧರಣಿ ಕೂತಿದ್ದಾರೆ ಎಂದುಕೊಳ್ಳಿ. ದೂರ ನಿಂತು 200 ಎಂಎಂ ಲೆನ್ಸಿನಲ್ಲಿ, ತಲೆಯ ಮಟ್ಟದಿಂದ, ಚೌಕಟ್ಟಿನ ನಾಲ್ಕೂ ಅಂಚು ಜನರಿಂದ ತುಂಬುವ ಹಾಗೆ ಹಿಡಿದರೆ ಮುಂದಿನ ತಲೆ, ಹಿಂದಿನ ತಲೆ ಒಂದರ ಮೇಲೊಂದು ಅಂಟಿಕೊಂಡು ಜನಸಾಗರ. ಅದೇ ಹೊತ್ತಿಗೆ ಮಹಡಿಯಿಂದ 24 ಎಂಎಂನಲ್ಲಿ ತೆಗೆದರೆ ಖಾಲಿ ರಸ್ತೆಯ ನಡುವೆ ಒಂದು ಚಿಕ್ಕ ಚಾಪೆಯಷ್ಟು ಜನ. ಲೆನ್ಸ್ ಯಾವುದೆಂದು ಪರದೆ ಹೇಳುವುದಿಲ್ಲ, ಆದರೆ ಹಿನ್ನೆಲೆ ಹೇಳುತ್ತದೆ: ಹಿಂದಿನ ಕಟ್ಟಡ ಜನರ ಬೆನ್ನಿಗೇ ಒತ್ತಿಕೊಂಡಂತಿದ್ದರೆ ಉದ್ದ ಲೆನ್ಸ್, ಮುಂದಿನವರ ಕೈ ದಪ್ಪವಾಗಿ, ಹಿಂದಿನವರು ಇರುವೆಯಾಗಿ ಕಂಡರೆ ಅಗಲ ಲೆನ್ಸ್. ಚೌಕಟ್ಟಿನ ಅಂಚಿನಲ್ಲಿ ಖಾಲಿ ಜಾಗ ಒಮ್ಮೆಯಾದರೂ ಬಿಟ್ಟಿದ್ದಾರೆಯೇ ಎಂದು ನೋಡಿ. ಒಂದು ಪಕ್ಷದ ಸಭೆಗೆ ಉದ್ದ ಲೆನ್ಸ್, ಇನ್ನೊಂದಕ್ಕೆ ಅಗಲ ಲೆನ್ಸ್ ಎಂಬುದು ಎರಡು ಮೂರು ಕಡೆ ಕಂಡರೆ ಬರೆದಿಡಿ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿಯದ್ದೇನಾದರೂ, ಅಂದರೆ ಪಂಚೆ, ಸುಣ್ಣದ ಗೋಡೆ, ಕಾಫಿ ಹೂ, ಎರಡು ದೃಶ್ಯಗಳಲ್ಲಿ ಹೋಲಿಸಿ. ಒಂದು ಊರಿನ ಬಿಳಿ ನೀಲಿಗೆ ತಿರುಗಿ, ಇನ್ನೊಂದರ ಬಿಳಿ ಜೇನಿನ ಬಣ್ಣಕ್ಕೆ ತಿರುಗಿದ್ದರೆ ಗ್ರೇಡಿಂಗ್ ಮಾಡಿದವರು, ಅಂದರೆ ಬಣ್ಣ ತಿದ್ದಿದವರು, ನಿಮ್ಮ ಪರವಾಗಿ ದುಃಖ, ಸುಖ ನಿರ್ಧರಿಸಿದ್ದಾರೆ. ಮಳೆಗಾಲದ ಕೊಡಗು ತಾನೇ ಬೂದು, ಅದನ್ನು ಲೆಕ್ಕದಿಂದ ಕಳೆಯಿರಿ.

ಕಾಫಿ ಗಿಡ ಸುಳ್ಳು ಹೇಳುವುದಿಲ್ಲ

ಇದು ಇಲ್ಲಿನವರಿಗೆ ಮಾತ್ರ ಇರುವ ಅನುಕೂಲ. "ಆಗಸ್ಟಿನಲ್ಲಿ ಬೆಟ್ಟ ಕುಸಿದ ಮಾರನೇ ದಿನ" ಎಂದು ನಿರೂಪಕ ಹೇಳುತ್ತಿರುವಾಗ ಹಿಂದಿನ ಗಿಡದಲ್ಲಿ ಹಣ್ಣು ಕೆಂಪಾಗಿದ್ದರೆ ಆ ಶಾಟ್ ಆಗಸ್ಟಿನದ್ದಲ್ಲ. ಆಗಸ್ಟಿನಲ್ಲಿ ಕಾಯಿ ಹಸಿರು. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಅದರ ಹಿಂದೆ ಫೆಬ್ರವರಿವರೆಗೂ. ತೋಟ ಬೆಳ್ಳಗೆ ಹೂಬಿಟ್ಟಿದ್ದರೆ ಹೂಮಳೆ ಬಿದ್ದ ಮೇಲಿನ ಮಾರ್ಚ್-ಏಪ್ರಿಲ್. ಗದ್ದೆಯಲ್ಲಿ ನಾಟಿಯೋ, ಸುಗ್ಗಿಹಬ್ಬ ಪುತ್ತರಿ ಹೊತ್ತಿನ ಬಂಗಾರದ ಬಣ್ಣವೋ ನೋಡಿ. ನೆಲದ ಮೇಲಿನ ನೆರಳು ಚೂರಿಯಂತೆ ಚೂಪಾಗಿದ್ದರೆ ಸುರಿಮಳೆಯ ಹೊತ್ತಾಗಿರಲು ಸಾಧ್ಯವಿಲ್ಲ.

ಜಾಗ ತಪ್ಪಿಸುವುದೂ ಇದೆ. 2024ರ ಜುಲೈ ಕೊನೆಗೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಜಾರಿದ ದೃಶ್ಯ ಕೊಡಗಿನದ್ದಾಗಿ ಬರಬಹುದು, ಇಲ್ಲಿನದ್ದು ಅಲ್ಲಿಗೂ ಹೋಗಬಹುದು. ಕೆಸರು ಎರಡು ಕಡೆಯೂ ಒಂದೇ ಬಣ್ಣ. ವಾಹನದ ನಂಬರ್ ಪ್ಲೇಟ್ (ಇಲ್ಲಿನದ್ದು ಕೆಎ 12), ಅಂಗಡಿ ಬೋರ್ಡಿನ ಲಿಪಿ, ಬಸ್ಸಿನ ಬಣ್ಣ ಫ್ರೇಮ್ ಫ್ರೇಮ್ ನಿಲ್ಲಿಸಿ ನೋಡಿ. ಅನುಮಾನ ಬಂದರೆ ಆ ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿಗೆ ಹಾಕಿ. "ಇದು ಮೊನ್ನೆಮೊನ್ನೆವರೆಗೆ ದಟ್ಟ ಕಾಡಾಗಿತ್ತು" ಎಂಬ ಮಾತಿದ್ದರೆ ಗೂಗಲ್ ಅರ್ತ್‌ನಲ್ಲಿ ಹಳೇ ವರ್ಷಗಳ ಉಪಗ್ರಹ ಚಿತ್ರಕ್ಕೆ ಹಿಂದೆ ಸರಿದು ಅದೇ ಬೆಟ್ಟ ನೋಡಬಹುದು. ಮಳೆಯ ಅಂಕಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿವಾರು ಲೆಕ್ಕ ಇದೆ. ಚಿತ್ರ ಜಿಲ್ಲೆಯ ಸರಾಸರಿ ಹೇಳಿದ್ದರೆ ಹೋಬಳಿಯದ್ದು ತೆಗೆಯಿರಿ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ, ಸರಾಸರಿ ಎರಡನ್ನೂ ನುಂಗಿಬಿಡುತ್ತದೆ.

ನಕ್ಷೆಯ ಕೆಂಪು

ಪಶ್ಚಿಮಘಟ್ಟದ ವರದಿಗಳ ಬಗ್ಗೆ ಬಂದ ಚಿತ್ರಗಳಲ್ಲಿ ನಕ್ಷೆಯೇ ನಾಯಕ, ನಕ್ಷೆಯೇ ಖಳನಾಯಕ. ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರದ್ದು, ಕಸ್ತೂರಿರಂಗನ್ ಸಮಿತಿಯದ್ದು 2013ರದ್ದು. ಎರಡನೆಯದು ಘಟ್ಟದ ಸುಮಾರು 37 ಶೇಕಡಾವನ್ನು ಪರಿಸರ ಸೂಕ್ಷ್ಮ ಎಂದಿತು, ಗುರುತಿಸಲು ಹಳ್ಳಿಯನ್ನೇ ಘಟಕವಾಗಿ ತೆಗೆದುಕೊಂಡಿತು: ಹಳ್ಳಿಯ 20 ಶೇಕಡಾ ಅಥವಾ ಹೆಚ್ಚು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಹಳ್ಳಿ ಪಟ್ಟಿಗೆ. ಹಾಗಾಗಿ ಹಳ್ಳಿ ಪೂರ್ತಿ ಕೆಂಪು ಬಳಿದ ನಕ್ಷೆ ತಾಂತ್ರಿಕವಾಗಿ ಸರಿ; ನೋಡುವವರಿಗೆ ಮಾತ್ರ ಮನೆ ಅಂಗಳದವರೆಗೂ ಬೆಂಕಿ ಬಂದಂತೆ. ವಿರೋಧಿಸುವ ಚಿತ್ರ ಕೆಂಪು ಬಳಸುತ್ತದೆ, ಬೆಂಬಲಿಸುವ ಚಿತ್ರ ತಿಳಿ ಹಸಿರು ಬಳಸಿ ಹಳ್ಳಿಗಳ ಹೆಸರನ್ನೇ ಅಳಿಸುತ್ತದೆ. ಎರಡಕ್ಕೂ ಒಂದೇ ಪರೀಕ್ಷೆ: ವರದಿ ಏನನ್ನು ನಿಷೇಧಿಸಲು ಹೇಳಿತು ಎಂಬ ಪಟ್ಟಿ, ಅಂದರೆ ಗಣಿಗಾರಿಕೆ, ಕಲ್ಲು ಕೋರೆ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ 'ಕೆಂಪು ವರ್ಗ'ದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ, ಇದು ತೆರೆ ಮೇಲೆ ಓದುವಷ್ಟು ಹೊತ್ತು ಇತ್ತೇ? ಆರು ಸಾಲಿಗೆ ಕನಿಷ್ಠ 12 ಸೆಕೆಂಡು ಬೇಕು. ಪಟ್ಟಿಯೇ ಇಲ್ಲದೆ "ಊರು ಖಾಲಿ ಮಾಡಿಸುತ್ತಾರೆ" ಎಂದೋ "ಯಾರಿಗೂ ಏನೂ ಆಗುವುದಿಲ್ಲ" ಎಂದೋ ಹೇಳಿದ್ದರೆ ಎರಡೂ ಒಂದೇ ಜಾತಿಯ ಕೆಲಸ.

ಕ್ಯಾಮೆರಾ ಹುಟ್ಟುವ ಮೊದಲಿನ ಇತಿಹಾಸ, ಮುಖ್ಯವಾಗಿ ಟಿಪ್ಪು ಮತ್ತು ಕೊಡಗಿನ ವಿಷಯ, ಇನ್ನೂ ಜಾರುನೆಲ. ಅಲ್ಲಿ ತೋರಿಸುವುದೆಲ್ಲ ವರ್ಣಚಿತ್ರ, ಮರುನಟನೆ, ಇಲ್ಲವೇ ಕಂಪ್ಯೂಟರ್ ಗ್ರಾಫಿಕ್ಸ್. ಪ್ರತಿ ವರ್ಣಚಿತ್ರ ಯಾರು, ಯಾವಾಗ, ಯಾರಿಗಾಗಿ ಬಿಡಿಸಿದ್ದು ಎಂದು ಚಿತ್ರ ಹೇಳುತ್ತದೆಯೇ? ಟಿಪ್ಪು ಕೊಡಗಿನಲ್ಲಿ ಸೆರೆ ಹಿಡಿದವರ ಸಂಖ್ಯೆಯ ಬಗ್ಗೆ ಮೂಲಗಳಲ್ಲಿ ಭಾರೀ ಅಂತರ ಇದೆ. ಒಂದೇ ಅಂಕಿಯನ್ನು ಮೂಲ ಹೇಳದೆ ದಪ್ಪಕ್ಷರದಲ್ಲಿ ಹಾಕಿದ್ದರೆ, ಅದು ದೊಡ್ಡ ಅಂಕಿಯಾಗಲಿ ಚಿಕ್ಕದಾಗಲಿ, ಗುರುತು ಹಾಕಿ. ಮರುನಟನೆಯಲ್ಲಿ ಒಂದು ಕಡೆಯವರಿಗೆ ಮುಖ ಇದ್ದು, ಇನ್ನೊಂದು ಕಡೆಯವರು ಬರೀ ಕತ್ತಿ, ಕುದುರೆ ಕಾಲು, ನೆರಳು ಆಗಿದ್ದರೆ ಅದಕ್ಕೂ ಒಂದು ಗುರುತು.

ಬೆನ್ನು ಹಾಕಿ ಕೇಳುವಾಗ

ಸಂಗೀತ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಬರೆಯಿರಿ. ಯಾರ ಮಾತಿನ ಕೆಳಗೆ ಸಂಗೀತವೇ ಇಲ್ಲವೋ ಅವರನ್ನು ಚಿತ್ರ ನಂಬಿದೆ ಎಂದರ್ಥ, ಹೆಚ್ಚಾಗಿ. ಕೊಡವ ದೃಶ್ಯಕ್ಕೆ ವಾಲಗ, ಆದಿವಾಸಿ ಹಾಡಿಯ ದೃಶ್ಯಕ್ಕೆ ಕೊಳಲು, ರಾಜಕಾರಣಿಗೆ ತಗ್ಗು ಗುಂಯ್‌ಗುಡುವ ಸದ್ದು, ಇವು ಸೋಮಾರಿ ಸೂತ್ರಗಳು. ಸೋಮಾರಿತನವೂ ಒಂದು ಕಡೆಗೇ ವಾಲುತ್ತದೆ. ಮೈಕ್ ಗುಣಮಟ್ಟ ಕೂಡ ಗಮನಿಸಿ. ಕಾಲರ್ ಮೈಕ್ ಸಿಕ್ಕವರ ದನಿ ಕಿವಿಯ ಪಕ್ಕದಲ್ಲಿ ಕೂತು ಮಾತಾಡಿದಂತೆ, ಕ್ಯಾಮೆರಾ ಮೇಲಿನ ಮೈಕಿನಲ್ಲಿ ಸಿಕ್ಕವರದ್ದು ಬಾವಿಯೊಳಗಿಂದ ಕೂಗಿದಂತೆ. ನಾವು ಮೊದಲನೆಯವರನ್ನು ತಿಳಿದವರು ಅಂದುಕೊಳ್ಳುತ್ತೇವೆ.

ಕೊನೆಯ ಅಕ್ಷರಗಳು

ಹೆಸರು ಓಡುವಾಗ ಎದ್ದು ಹೋಗಬೇಡಿ. ಹಣ ಕೊಟ್ಟವರು, 'ಕೃತಜ್ಞತೆ' ಪಟ್ಟಿ, ಅನುವಾದಕರ ಹೆಸರು ಇದೆಯೋ ಇಲ್ಲವೋ, ಇವನ್ನು ನಿಲ್ಲಿಸಿ ಓದಿ. ನಾಗರಹೊಳೆಯೊಳಗೆ ಕ್ಯಾಮೆರಾ ಒಯ್ಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹುಲಿ, ಆನೆಯ ಚಂದದ ಶಾಟ್ ತುಂಬಿದ ಚಿತ್ರದಲ್ಲಿ ಇಲಾಖೆಯ ಮೇಲೆ ಟೀಕೆ ಕಮ್ಮಿ ಇದ್ದರೆ ಅದಕ್ಕೆ ಸಿದ್ಧಾಂತಕ್ಕಿಂತ ಮುಂದಿನ ಸಲದ ಅನುಮತಿಯ ಚಿಂತೆ ಕಾರಣ ಇರಬಹುದು. "ಅಧಿಕಾರಿಗಳು ಪ್ರತಿಕ್ರಿಯೆಗೆ ಸಿಗಲಿಲ್ಲ" ಎಂಬ ಫಲಕ ಬಂದರೆ ಯಾವಾಗ, ಎಷ್ಟು ಸಲ, ಯಾವ ಹುದ್ದೆಯವರನ್ನು ಕೇಳಿದ್ದರು ಎಂದು ಅದರಲ್ಲಿ ಇದೆಯೇ ನೋಡಿ.

ನೋಡುವವರು ಎಡವುವ ಕಡೆ

ಒಮ್ಮೆ ಈ ವಿದ್ಯೆ ಹತ್ತಿದರೆ ಪ್ರತಿ ಕೋನದಲ್ಲೂ ಪಿತೂರಿ ಕಾಣತೊಡಗುತ್ತದೆ. ಕೆಸರಿನಲ್ಲಿ ಟ್ರೈಪಾಡ್ ಹೂತು ಕ್ಯಾಮೆರಾ ಕೆಳಗಿದ್ದಿರಬಹುದು, ಮಳೆಗೆ ಕಾಲರ್ ಮೈಕ್ ಕೆಟ್ಟಿರಬಹುದು, ಎರಡನೇ ದಿನ ದೀಪ ಸಿಗದೇ ಹೋಗಿರಬಹುದು. ಅದಕ್ಕೇ ಒಂದೆರಡು ಶಾಟ್ ಹಿಡಿದು ಮಾತಾಡಬೇಡಿ. ಒಂದೇ ಬಗೆಯ ಆಯ್ಕೆ ಒಂದೇ ಗುಂಪಿನ ಮೇಲೆ ಕನಿಷ್ಠ ಮೂರು ಬೇರೆಬೇರೆ ಜಾಗದಲ್ಲಿ ಬಿದ್ದಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನೊಂದು, ಸಮ ಸಮ ಸೆಕೆಂಡು ಕೊಟ್ಟರೆ ನ್ಯಾಯ ಆಯಿತು ಎನ್ನುವ ಭ್ರಮೆ. ಮಣ್ಣಿನ ಪರೀಕ್ಷೆ ಮಾಡಿದ ಭೂವಿಜ್ಞಾನಿಗೆ 60 ಸೆಕೆಂಡು, ರಸ್ತೆ ಕಂಟ್ರಾಕ್ಟರ್ ಪರವಾಗಿ ಬಂದವರಿಗೂ 60 ಸೆಕೆಂಡು ಎಂದರೆ ತಕ್ಕಡಿ ಸರಿಯಿದೆ, ತೂಕದ ಕಲ್ಲು ಸರಿಯಿಲ್ಲ. ಮತ್ತೆ, ಮೊದಲ ಅಭ್ಯಾಸಕ್ಕೆ ನಿಮಗೆ ಇಷ್ಟವಾದ ಚಿತ್ರವನ್ನೇ ಆರಿಸಿಕೊಳ್ಳಿ. ಇಷ್ಟವಿಲ್ಲದ್ದರಲ್ಲಿ ಹುಳುಕು ಯಾರಿಗೂ ಸಿಗುತ್ತದೆ.

ಪ್ರದರ್ಶನದ ನಂತರ ನಿರ್ದೇಶಕರು ಎದುರಿಗೆ ಸಿಕ್ಕರೆ "ನಿಮ್ಮದು ಯಾವ ಪಕ್ಷ" ಎಂದು ಕೇಳಿ ಸಮಯ ಹಾಳು ಮಾಡಬೇಡಿ. ಒಟ್ಟು ಎಷ್ಟು ಗಂಟೆ ಶೂಟ್ ಆಯಿತು, ಸಂದರ್ಶನ ಮಾಡಿಯೂ ಕೈಬಿಟ್ಟವರು ಯಾರು, ಎರವ ಮತ್ತು ಜೇನುಕುರುಬರ ಮಾತನ್ನು ಅನುವಾದಿಸಿದವರು ಯಾರು, ಕೊನೆಯ ಸಂಕಲನಕ್ಕೆ ಮೊದಲು ಚಿತ್ರ ನೋಡಿದವರು ಯಾರು ಎಂದು ಕೇಳಿ. 20 ಗಂಟೆ ಶೂಟ್ ಮಾಡಿ 30 ನಿಮಿಷ ಇಟ್ಟುಕೊಂಡಿದ್ದರೆ 40ರಲ್ಲಿ 39 ಪಾಲು ಹೊರಗಿದೆ. ಒಳ್ಳೆಯ ನಿರ್ದೇಶಕರಿಗೆ ಆ 39ರ ಬಗ್ಗೆ ಮಾತಾಡಲು ಬೇಸರ ಇರುವುದಿಲ್ಲ.

ಕಾಲೇಜು ಹುಡುಗರಿಗೆ ಇದನ್ನೆಲ್ಲ ಕಲಿಸುವುದಾದರೆ ಮೊಬೈಲ್ ಕೊಟ್ಟು ಸಂತೆಗೆ ಕಳಿಸಿ. ಐದೈದು ಸೆಕೆಂಡಿನ ಎಂಟು ಶಾಟ್: ತರಕಾರಿ ರಾಶಿ, ಮಾರುವವಳ ಮುಖ, ಕೊಳ್ಳುವವನ ಮುಖ, ತಕ್ಕಡಿ, ಪಂಚಾಯಿತಿ ಬೋರ್ಡು, ಕಸದ ಗುಡ್ಡೆ, ನಿಂತ ಪೊಲೀಸ್, ಖಾಲಿ ಚೀಲ. ಹೊಸದೇನೂ ಸೇರಿಸದೆ, ಒಂದು ಮಾತೂ ಹೇಳದೆ, ಇವನ್ನೇ ಹಿಂದೆಮುಂದೆ ಮಾಡಿ ಎರಡು ಚಿತ್ರ ಕಟ್ಟಲಿ: ಒಂದರಲ್ಲಿ ತಪ್ಪು ಪಂಚಾಯಿತಿಯದ್ದು ಅನ್ನಿಸಬೇಕು, ಇನ್ನೊಂದರಲ್ಲಿ ಮಾರುವವಳದ್ದು. ಸಾಮಾನ್ಯವಾಗಿ ಕೆಡುವುದು ಪೊಲೀಸಿನ ಶಾಟ್. ಅದನ್ನು ಎಲ್ಲಿಟ್ಟರೂ ಅದರ ಹಿಂದಿನವರು ಕಳ್ಳರಾಗಿಬಿಡುತ್ತಾರೆ, ಹಾಗಾಗಿ ಅದನ್ನು ತಕ್ಕಡಿಯ ಮೊದಲು ಒಮ್ಮೆ, ನಂತರ ಒಮ್ಮೆ ಇಟ್ಟು ನೋಡಲು ಹೇಳಿ.